ಪಾರೀಸಪ್ಪನ ಬಿದಿರುಕಡ್ಡಿ

ಕರಕರ ಎನ್ನುವ ರೇಡಿಯೊ ಬಂದರೆ ವಡಗಾವಿಯ ರಿಪೇರಿ ಪಾರೀಸಪ್ಪ ಮೊದಲು ತಂದವರನ್ನೇ ಗದರುತ್ತಾನೆ: “ಬಡದೀರಿ ಹೌದಲ್ರಿ?” ಆಮೇಲೆ ಹಿಂಬದಿ ಬಿಚ್ಚಿ, ಧಾರವಾಡ ಸ್ಟೇಷನ್ ಹಚ್ಚಿ, ಒಳಗಿನ ಒಂದೊಂದೇ ಸಾಮಾನನ್ನು ಬಿದಿರುಕಡ್ಡಿಯಿಂದ ತಟ್ಟುತ್ತಾನೆ. ಯಾವುದನ್ನು ತಟ್ಟಿದಾಗ ಕರಕರ ಜೋರಾಗುತ್ತದೋ ಅದೇ ಕಳ್ಳ. ಕಲಿಯಲು ಖಾನಾಪುರದಿಂದ ಬಂದವರಿಗೂ ಇದೊಂದೇ ಪಾಠ: “ಬಾಯಿ ಮುಚ್ಚರಿ, ಕಿವಿ ತಗೀರಿ.” ಅವನು ಕಡ್ಡಿ ಎತ್ತಿದೊಡನೆ ಪಕ್ಕದ ನೇಕಾರ ಬಾಳಪ್ಪ ತನ್ನ ಗದ್ದಲದ ಮಗ್ಗ ನಿಲ್ಲಿಸಲೇಬೇಕು. ನಿಲ್ಲಿಸುವಾಗ ಬಾಳಪ್ಪ ಗೊಣಗುವುದೂ ಅಷ್ಟೇ ಖಾಯಂ. ಈಚೆಗೆ ಪಾರೀಸಪ್ಪನಿಗೆ ಕಿವಿ ಮಂದ. ಕರಕರ ಹಾಗೆಯೇ ಇದ್ದರೂ ಕಡ್ಡಿ ಕೆಳಗಿಟ್ಟು, ಗಿರಾಕಿಯತ್ತ ತಿರುಗಿ, “ಹೋತಲ್ರಿ ಈಗ?” ಎಂದು ಹೆಮ್ಮೆಯಿಂದ ಕೇಳುತ್ತಾನೆ. ಗಿರಾಕಿ ಬಾಯಿ ತೆರೆಯುವಷ್ಟರಲ್ಲಿ ಬಾಳಪ್ಪ ಮಗ್ಗ ಶುರುಮಾಡಿಬಿಡುತ್ತಾನೆ.