ಮುದ್ದಮ್ಮನ ತೂಬು

ಮುದ್ದಮ್ಮ ಈಜು ಕಲಿತದ್ದು ಮೂವತ್ತೆಂಟನೆಯ ವಯಸ್ಸಿನಲ್ಲಿ, ಅದೂ ಸಿಟ್ಟಿಗೆ.

ಅವಳ ಗಂಡ ಬೋರಯ್ಯ ಜಾಲಿಕಟ್ಟೆಯ ನೀರುಗಂಟಿ. ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹೋಗಬೇಕೆಂದು ನೋಡಿಕೊಳ್ಳುವುದು ಅವನ ಕೆಲಸ. ಸುಗ್ಗಿಯಲ್ಲಿ ಮನೆಮನೆಯಿಂದ ಬರುವ ರಾಗಿ, ಭತ್ತವೇ ಸಂಬಳ. ತೊಂಬತ್ತೊಂದರಲ್ಲಿ ಅವನು ಕಾಮಾಲೆಯಾಗಿ ತೀರಿಕೊಂಡ. ಹನ್ನೊಂದನೆಯ ದಿನದ ಊಟ ಮುಗಿದು ಇನ್ನೂ ಎಲೆ ಎತ್ತಿರಲಿಲ್ಲ, ಊರ ಹಿರಿಯರು ಜಗಲಿಯ ಮೇಲೆ ಕೂತು ತೂಬನ್ನು ಬೋರಯ್ಯನ ತಮ್ಮನ ಮಗ ಬೀರೇಶನಿಗೆ ಕೊಡುವುದೆಂದು ತೀರ್ಮಾನ ಮಾಡಿಬಿಟ್ಟರು. ಮುದ್ದಮ್ಮ ಬಾಗಿಲಲ್ಲಿ ನಿಂತು, ನಾನಿಲ್ಲವೇ ಎಂದಳು.

"ನೀರಿಗಿಳಿಯೋದು ಹೆಂಗಸಿನ ಕೈಲಾಗೋ ಕೆಲ್ಸ ಅಲ್ಲ ಕಣಮ್ಮ," ಅಂದರು ಹಿರಿಯರು.

ಕೈಲಾಗುವುದಿಲ್ಲ ಅನ್ನುವ ಮಾತು ಅವಳ ಕಿವಿಗೆ ಬಿದ್ದರೆ ಮುಗಿಯಿತು. ಮಾರನೆಯ ದಿನವೇ ಸೊಂಟಕ್ಕೆ ಎರಡು ಒಣ ಸೋರೆಬುರುಡೆ ಕಟ್ಟಿಕೊಂಡು, ಸೀರೆಗೆ ಕಚ್ಚೆ ಹಾಕಿ ಕೆರೆಗಿಳಿದಳು. ಏರಿಯ ಮೇಲೆ ದನ ಕಾಯುವವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ ಬಿಡಿ, ಅವರಿಗೇನು ಕೆಲಸ. ನೀರು ಕುಡಿದಳು, ಕೆಮ್ಮಿದಳು, ಮತ್ತೆ ಕುಡಿದಳು. ತಿಂಗಳಾದ ಮೇಲೆ ಒಂದು ಬುರುಡೆ ಬಿಚ್ಚಿದಳು, ಇನ್ನೊಂದು ತಿಂಗಳಿಗೆ ಇನ್ನೊಂದನ್ನೂ ಬಿಚ್ಚಿದಳು. ಭತ್ತಕ್ಕೆ ನೀರು ಬಿಡುವ ದಿನ ಬೀರೇಶ ಬೀಡಿ ಮುಗಿಸಿ ಏರಿ ಹತ್ತುವಷ್ಟರಲ್ಲಿ ಮುದ್ದಮ್ಮ ತೂಬಿನ ಕಲ್ಲಿನ ಮೇಲೆ ನಿಂತು, "ಮೇಗಲ ಬಯಲಿನ ಪಾಲೂ..." ಎಂದು ಕೂಗು ಹಾಕಿದ್ದಳು. ಜಾಲಿಕಟ್ಟೆಯ ಕಟ್ಟುಪಾಡು ಅದು. ತೂಬು ಎತ್ತುವವರು ಇವತ್ತಿನ ನೀರು ಯಾರ ಪಾಲಿನದೆಂದು ಊರಿಗೆಲ್ಲ ಕೇಳುವಂತೆ ಕೂಗಿ ಹೇಳಬೇಕು. ಕೂಗದೆ ಎತ್ತಿದ ನೀರು ಕಳ್ಳತನದ ನೀರು. ಪಾಲು ಕೂಗಿದವಳನ್ನು ಕೆಳಗಿಳಿಸುವ ಧೈರ್ಯ ಯಾವ ಹಿರಿಯರಿಗೂ ಆಗಲಿಲ್ಲ. ಬೀರೇಶ ಮಾತ್ರ ಅವತ್ತಿನಿಂದ ದೊಡ್ಡವ್ವನ ಜೊತೆ ಮಾತು ಬಿಟ್ಟ. ಎದುರಿಗೆ ಬಂದರೆ ಬೇಲಿ ಕಡೆ ತಿರುಗಿ ನಿಲ್ಲುತ್ತಿದ್ದ. ಒಂಬತ್ತು ವರ್ಷ ಹಾಗೇ ನಡೆಯಿತು.

ಆ ತೂಬನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಏರಿಯಿಂದ ಹತ್ತು ಮಾರು ಒಳಗೆ, ನೀರಿನ ನಡುವೆ, ಎರಡು ಕಲ್ಲುಕಂಬಗಳು. ಅವಕ್ಕೆ ಒಂದರ ಕೆಳಗೆ ಒಂದರಂತೆ ಮೂರು ಅಡ್ಡಗಲ್ಲು. ಅಡ್ಡಗಲ್ಲುಗಳ ನಡುವಿನ ತೂತಿನಲ್ಲಿ ಉದ್ದನೆಯ ಮರದ ಗಳ ಇಳಿದಿದೆ, ಅದರ ತುದಿಗೆ ಬಿರಡೆ. ಗಳ ಎತ್ತಿದರೆ ಕೆಳಗಿನ ಕಂಡಿ ಬಿಟ್ಟುಕೊಂಡು ನೀರು ಕಾಲುವೆಗೆ ಹೋಗುತ್ತದೆ. ಎತ್ತುವುದು ಗೊತ್ತಿಲ್ಲದವನು ಒಂದೇ ಸಲ ಜಗ್ಗಿದನೋ, ಬಿರಡೆ ಮತ್ತೆ ಕೂರುವುದಿಲ್ಲ, ಕೆರೆ ಬರಿದಾಗುವವರೆಗೂ ಬಾಯಿ ಬಡಿದುಕೊಳ್ಳುತ್ತಿರಬೇಕು. ಆ ಕೈಚಳಕ ಊರಿನಲ್ಲಿದ್ದದ್ದು ಇಬ್ಬರಿಗೆ ಮಾತ್ರ, ಮುದ್ದಮ್ಮನಿಗೆ ಮತ್ತು ಚಿಕ್ಕಂದಿನಲ್ಲಿ ಬೋರಯ್ಯನ ಹಿಂದೆ ತಿರುಗಿದ್ದ ಬೀರೇಶನಿಗೆ.

ನೀರು ಮೂರನೆಯ ಅಡ್ಡಗಲ್ಲಿಗೆ ಇಳಿಯಿತೆಂದರೆ ತೂಬು ಬಂದ್. ಆಮೇಲಿನ ನೀರು ದನಕರುಗಳಿಗೆ, ತೋಟದ ಬಾವಿಗಳ ಒರತೆಗೆ, ಮತ್ತೆ ಕೆರೆಯೊಳಗಿನ ಜಾಲಿಮರಗಳಲ್ಲಿ ಗೂಡು ಕಟ್ಟುವ ಕೊಕ್ಕರೆಗಳಿಗೆ. ಮರಿ ಹಾರಿಹೋದ ಮೇಲೆ ಉಳಿದದ್ದು ತೆಂಗಿನ ತೋಟಗಳಿಗೆ. ಇದನ್ನು ಯಾರೂ ಬರೆದಿಟ್ಟಿಲ್ಲ. ಆದರೆ ಬೋರಯ್ಯನ ಕಾಲದಲ್ಲಿ ಒಂದು ವರ್ಷ ಬಿರಡೆ ಕೊಳೆತು ನೀರು ಸೋರಿಹೋದಾಗ ಏನಾಯಿತೆಂದು ಮುದ್ದಮ್ಮ ಕಣ್ಣಾರೆ ಕಂಡಿದ್ದಳು. ಮರದ ಬುಡ ಒಣಗಿದ ಎರಡನೆಯ ದಿನಕ್ಕೆ ನಾಯಿಗಳು ಬಂದವು, ನರಿ ಬಂತು. ಗೂಡಿನಿಂದ ಬಿದ್ದ ಮರಿಗಳನ್ನೆಲ್ಲ ಎಳೆದುಕೊಂಡು ಹೋದವು. ದೊಡ್ಡ ಹಕ್ಕಿಗಳು ಎರಡು ದಿನ ಕೆರೆಯ ಸುತ್ತ ಹಾರಿ ಹಾರಿ, ಇದ್ದ ಮೊಟ್ಟೆಗಳನ್ನೂ ಬಿಟ್ಟು ಹೊರಟುಹೋದವು. ಆಮೇಲೆ ಆರು ವರ್ಷ ಜಾಲಿಕಟ್ಟೆಯ ಕಡೆ ತಲೆ ಹಾಕಲಿಲ್ಲ. ಆ ಖಾಲಿ ಮರಗಳನ್ನು ನೋಡಿ ಅವಳಿಗೆ ಹೊಟ್ಟೆ ಉರಿದಿತ್ತು.

ಎರಡು ಸಾವಿರದಲ್ಲಿ ಮಳೆ ಚೆನ್ನಾಗಾಗಿ ಕೆರೆ ಕೋಡಿ ಬಿತ್ತು. ಕೊಕ್ಕರೆಗಳು ಹಿಂದೆಂದೂ ಬರದಷ್ಟು ಬಂದವು. ಅರಸೀಕೆರೆಯಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವ ಶಾಲೆಯ ಮೇಡಂ ಮಂಜುಶ್ರೀ, ಫೆಬ್ರವರಿ ಎರಡನೇ ತಾರೀಕು ಪ್ರಪಂಚದಲ್ಲೆಲ್ಲ ಕೆರೆ, ಜೌಗುನೆಲಗಳ ದಿನ ಮಾಡುತ್ತಾರಂತೆ, ನಾವೂ ಮಾಡೋಣ ಎಂದು ಮಕ್ಕಳನ್ನು ಹುರಿದುಂಬಿಸಿದಳು. ಸಂಜೆ ಹೊತ್ತು ಮುದ್ದಮ್ಮನ ಪಕ್ಕ ಏರಿಯ ಮೇಲೆ ಕೂತು ಹಕ್ಕಿಗಳ ಹೆಸರು ಬರೆದುಕೊಳ್ಳುತ್ತಿದ್ದಳು. ಬೆಳ್ಳಕ್ಕಿ, ನೀರುಕಾಗೆ, ಕೆಂಬರಲು, ಹಣೆಗೆ ಬಿಳಿ ನಾಮ ಇಟ್ಟುಕೊಂಡು ಓಡಾಡುವ ನಾಮದಕೋಳಿ. ಮಕ್ಕಳು ಚಿತ್ರ ಬರೆಯುತ್ತಾರೆ, ಹಾಡು ಹೇಳುತ್ತಾರೆ, ಏರಿಯ ಮೇಲೆ ನಿಂತು ಹಕ್ಕಿ ಎಣಿಸುತ್ತಾರೆ. ಇಷ್ಟೇ ಆಗಿದ್ದರೆ ಎಷ್ಟು ಚೆಂದವಿತ್ತು.

ಪಂಚಾಯಿತಿ ಅಧ್ಯಕ್ಷ ರೇವಣಸಿದ್ದಪ್ಪನವರಿಗೆ ಸುದ್ದಿ ಮುಟ್ಟಿತು ನೋಡಿ, ಹಬ್ಬ ಅವರದಾಯಿತು. ಕರಪತ್ರ ಅಚ್ಚಾಯಿತು. ಹಾಸನದಿಂದ ದೊಡ್ಡ ಸಾಹೇಬರು ಬರುವುದೆಂದಾಯಿತು. ಸಾಹೇಬರು ಹಕ್ಕಿಗಳನ್ನು ಹತ್ತಿರದಿಂದ ನೋಡಬೇಡವೇ? ಅದಕ್ಕೆ ಶಾಮಿಯಾನ ಏರಿಯ ಮೇಲೆ ಬೇಡ, ಕೆರೆಯ ಒಳಗೇ, ಜಾಲಿಮರಗಳ ಎದುರಿಗೇ ಹಾಕಿಸುವುದು. ಅಲ್ಲಿ ನೀರಿದೆಯಲ್ಲ ಎಂದರೆ, ನಾಲ್ಕು ದಿನ ತೂಬು ಎತ್ತಿಟ್ಟರೆ ನೆಲ ಕಾಣುತ್ತದೆ. ಕೊಕ್ಕರೆಗೆ ಹಬ್ಬ ಮಾಡುವುದಕ್ಕೆ ಕೊಕ್ಕರೆಯ ನೀರನ್ನೇ ಚೆಲ್ಲುವ ಬುದ್ಧಿ ಬೇರೆ ಯಾರಿಗೆ ಹೊಳೆಯಬೇಕು ಹೇಳಿ.

ಜನವರಿ ಇಪ್ಪತ್ತೇಳರ ಬೆಳಿಗ್ಗೆ ರೇವಣಸಿದ್ದಪ್ಪನವರು ಏರಿಗೆ ಬಂದರು. ಜೊತೆಗೆ ಕರಪತ್ರ ಹಿಡಿದುಕೊಂಡು ಮಂಜುಶ್ರೀ.

"ನೋಡಮ್ಮ ಮುದ್ದಮ್ಮ, ನಿನ್ ಹೆಸ್ರೂ ಹಾಕ್ಸಿವ್ನಿ. ಶಾಲು ಹೊದಿಸಿ ಸನ್ಮಾನ," ಎಂದು ಬೆಣ್ಣೆ ಹಚ್ಚಿದರು.

ಮಂಜುಶ್ರೀ ಓದಿ ಹೇಳಿದಳು, "ಪಕ್ಷಿಪ್ರೇಮಿ ಶ್ರೀಮತಿ ಮುದ್ದಮ್ಮ ಅಂತ ಹಾಕಿದಾರೆ."

"ಹಂಗಂದ್ರೇನು ಮೇಡಂ?"

"ಹಕ್ಕಿ ಕಂಡರೆ ಪ್ರೀತಿ ಇರೋರು ಅಂತ."

"ಪ್ರೀತಿ ಗೀತಿ ನಂಗೊತ್ತಿಲ್ಲ. ಮನೆಗೆ ಬಂದ ಬಾಣಂತೀನ ನಡುಬೀದೀಲಿ ನಿಲ್ಸಕಾಗಲ್ಲ, ಅಷ್ಟೆಯ."

ರೇವಣಸಿದ್ದಪ್ಪನವರು ತೂಬಿನ ಮಾತೆತ್ತಿದರು. ಮುದ್ದಮ್ಮ ಪೂರ್ತಿ ಕೇಳಿದಳು. ಕೇಳಿ, "ಆಗಾಕಿಲ್ಲ ಅಧ್ಯಕ್ಷ್ರೆ," ಎಂದಳು. ಎರಡೇ ಮೊಳ ನೀರು ಕಣಮ್ಮ ಎಂದರು. ಮೂರನೇ ಅಡ್ಡಗಲ್ಲು ಆಗಲೇ ನೀರಿಗೆ ಸಮ ಐತೆ, ಗೂಡಿನಲ್ಲಿ ಮರಿ ಅವೆ, ಎರಡು ಮೊಳ ಇಳಿದರೆ ನಾಯಿ ನಡೆದುಕೊಂಡು ಹೋಗುತ್ತವೆ ಎಂದಳು. ಪಾಪ, ಮಂಜುಶ್ರೀಗೆ ಇದು ಗೊತ್ತಿರಲಿಲ್ಲ. ಹಾಗಾದರೆ ಏರಿಯ ಮೇಲೇ ಮಾಡೋಣ ಸರ್ ಎಂದಳು. ರೇವಣಸಿದ್ದಪ್ಪನವರು ಅದನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಅವತ್ತೇ ಅವರು ಬೀರೇಶನನ್ನು ತೋಟಕ್ಕೆ ಕರೆಸಿಕೊಂಡರು. ಇಪ್ಪತ್ತೊಂಬತ್ತರ ಬೆಳಿಗ್ಗೆ ತೂಬು ಎತ್ತು, ಅವತ್ತಿನಿಂದ ನೀರುಗಂಟಿ ನೀನೇ ಎಂದರು. ಒಂಬತ್ತು ವರ್ಷದಿಂದ ಬೀರೇಶ ಕಾಯುತ್ತಿದ್ದದ್ದು ಅದೇ ಮಾತಿಗೆ. ಹೂಂ ಅಂದು ಬಂದ. ಜಾಲಿಕಟ್ಟೆಯಂಥ ಊರಿನಲ್ಲಿ ತೋಟದಲ್ಲಿ ಆಡಿದ ಮಾತು ಊಟದ ಹೊತ್ತಿಗೆ ಮನೆಮನೆ ತಲುಪಿರುತ್ತದೆ. ಮುದ್ದಮ್ಮನಿಗೂ ತಲುಪಿತು. ಅಧ್ಯಕ್ಷರಿಗೆ ಅವಳು ಹೆದರುವವಳಲ್ಲ. ಆದರೆ ಬೀರೇಶನಿಗೆ ಕೆಲಸ ಗೊತ್ತು, ಅವನು ಎತ್ತಬಲ್ಲ.

ಇಪ್ಪತ್ತೊಂಬತ್ತರಂದು ಬೆಳಕು ಹರಿಯುವ ಮುಂಚೆ ಎದ್ದು ಒಂದು ಮುದ್ದೆ ಉಂಡಳು, ಸೀರೆಗೆ ಕಚ್ಚೆ ಹಾಕಿದಳು, ಈಜಿಕೊಂಡು ಹೋಗಿ ನೀರಿನ ಮೇಲಿದ್ದ ಎರಡನೆಯ ಅಡ್ಡಗಲ್ಲಿನ ಮೇಲೆ ಕೂತುಬಿಟ್ಟಳು. ಎರಡೂ ಕಾಲು ನೀರಿಗೆ ಇಳಿಬಿಟ್ಟು, ತೂಬಿನ ಗಳವನ್ನು ತೋಳಿನಲ್ಲಿ ತಬ್ಬಿ ಹಿಡಿದಳು. ಇನ್ನು ಯಾರಾದರೂ ಗಳ ಮುಟ್ಟಬೇಕಾದರೆ ಮೊದಲು ಅವಳನ್ನು ಮುಟ್ಟಬೇಕು.

ಎಂಟು ಗಂಟೆಗೆ ಏರಿಯ ಮೇಲೆ ಅರ್ಧ ಊರು ನೆರೆದಿತ್ತು. ಶಾಮಿಯಾನದ ಟ್ರಾಕ್ಟರೂ ಬಂದು ನಿಂತಿತ್ತು.

"ಏನ್ ಆಟ ಮುದ್ದಮ್ಮ ಇದು? ಎದ್ ಬಾ," ಎಂದರು ರೇವಣಸಿದ್ದಪ್ಪನವರು.

"ಕೂತಿವ್ನಿ ಕಣ್ರೀ. ಮರಿ ಹಾರ್ಲಿ, ಬತ್ತೀನಿ."

"ಲೇ ಬೀರೇಶ, ಹೋಗ್ಲಾ. ಎಬ್ಬಿಸಿ ಎತ್ತು."

ಬೀರೇಶ ಅಂಗಿ ಬಿಚ್ಚಿ ನೀರಿಗೆ ಬಿದ್ದ. ಹತ್ತು ಮಾರು ಅವನಿಗೇನು ಲೆಕ್ಕ. ಕಂಬ ಹಿಡಿದು ಮೇಲೆ ಹತ್ತಿ, ಅಡ್ಡಗಲ್ಲಿನ ತುದಿಯಲ್ಲಿ ನಿಂತು, ಒಂಬತ್ತು ವರ್ಷದ ಮೇಲೆ ಮೊದಲ ಸಲ ಬಾಯಿ ಬಿಟ್ಟ.

"ದೊಡ್ಡವ್ವ, ಸರ್ಕೋ."

ಮುದ್ದಮ್ಮ ಅವನನ್ನು ನೋಡಿದಳು. ಅತ್ತು ಬೇಡಿಕೊಂಡರೆ ಅವನು ಕೇಳಿಯಾನು ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಅಳುವುದು ಅವಳ ಜಾಯಮಾನವಲ್ಲ. ತಬ್ಬಿದ್ದ ಗಳವನ್ನು ಬಿಟ್ಟು, ಒಂದು ಗೇಣು ಪಕ್ಕಕ್ಕೆ ಸರಿದಳು. ಏರಿಯ ಮೇಲಿದ್ದವರಿಗೆಲ್ಲ ಮುದ್ದಮ್ಮ ಸೋತಳು ಅನ್ನಿಸಿತು.

"ಎತ್ತಪ್ಪ, ನಾನ್ ಹಿಡಿಯಾಕಿಲ್ಲ," ಎಂದಳು. "ಆದ್ರೆ ನಿಮ್ ದೊಡ್ಡಪ್ಪ ಎತ್ತಿದಂಗೆ ಎತ್ತು. ಯಾರ ಪಾಲು ಅಂತ ಕೂಗಿ ಎತ್ತು."

ಬೀರೇಶ ಗಳಕ್ಕೆ ಕೈ ಹಾಕಿದ. ಏರಿಯ ಕಡೆ ತಿರುಗಿ ಉಸಿರೆಳೆದುಕೊಂಡ. ಏನೆಂದು ಕೂಗುವುದು? ಮೇಗಲ ಬಯಲಿನ ಪಾಲು ಡಿಸೆಂಬರಿಗೇ ತೀರಿತ್ತು, ಕೆಳಗಲ ಬಯಲಿನದೂ ತೀರಿತ್ತು, ತೋಟದ ಪಾಲಿಗೆ ಇನ್ನೂ ದಿನ ಬಂದಿರಲಿಲ್ಲ. ಶಾಮಿಯಾನದ ಪಾಲು ಎನ್ನಲೇ? ಜಾಲಿಮರದ ಕಡೆ ನೋಡಿದ. ಅಲ್ಲಿ ಒಂದು ಕೊಕ್ಕರೆ ರೆಕ್ಕೆಯನ್ನು ಅರ್ಧ ಬಿಡಿಸಿ ಮರಿಗಳಿಗೆ ನೆರಳು ಮಾಡಿಕೊಂಡು ನಿಂತಿತ್ತು. ಅವನು ಗಳದಿಂದ ಕೈ ತೆಗೆದ.

"ಇವತ್ತು ಯಾರ ಪಾಲೂ ಇಲ್ಲಾ..." ಎಂದು ಏರಿಗೆಲ್ಲ ಕೇಳುವಂತೆ ಕೂಗಿ, ದೊಡ್ಡವ್ವನ ಪಕ್ಕದಲ್ಲಿ ಕೂತುಬಿಟ್ಟ.

ಏರಿಯ ಮೇಲೆ ಯಾರೋ ಕಿಸಕ್ಕೆಂದರು. ರೇವಣಸಿದ್ದಪ್ಪನವರು ಪೆಚ್ಚಾದರು. ಪೆಚ್ಚಾದವರಿಗೆ ಕೋಪ ಬರುವುದು ತಡವೇ?

"ಇವತ್ತಿಂದ ನೀರುಗಂಟಿ ಕೆಲ್ಸ ನಿಮ್ಮಿಬ್ರಿಗೂ ಇಲ್ಲ," ಎಂದು ಕಿರುಚಿದರು.

"ಸರಿ ಬುಡಿ," ಎಂದಳು ಮುದ್ದಮ್ಮ. "ಕೆಲ್ಸ ಬಿಟ್ಟೆ. ಕಲ್ಲು ಬಿಡಾಕಿಲ್ಲ."

ಬಿಡಲೂ ಇಲ್ಲ. ಅಂದಿನಿಂದ ಹಬ್ಬ ಮುಗಿಯುವವರೆಗೂ ದೊಡ್ಡವ್ವ, ಮಗ ಇಬ್ಬರೂ ಸರದಿಯ ಮೇಲೆ ಕೂತರು. ಹಬ್ಬದ ದಿನ ಶಾಮಿಯಾನ ಏರಿಯ ಮೇಲೇ ಎದ್ದಿತು. ಸಾಹೇಬರು ಬಂದರು, ಮಕ್ಕಳು ಹಾಡಿದರು, ದುರ್ಬೀನಿನಲ್ಲಿ ನೋಡಿದ ಸಾಹೇಬರಿಗೆ ಬಹಳ ಖುಷಿಯಾಯಿತು. ಕರಪತ್ರ ನೋಡಿ, ಈ ಪಕ್ಷಿಪ್ರೇಮಿ ಮುದ್ದಮ್ಮ ಎಲ್ಲಿದ್ದಾರೆ ಎಂದು ಕೇಳಿದರು. ಅವರಿಗೆ ಮೈಗೆ ಹುಷಾರಿಲ್ಲ ಸಾರ್ ಎಂದರು ರೇವಣಸಿದ್ದಪ್ಪನವರು, ರೆಪ್ಪೆ ಕೂಡ ಮಿಟುಕಿಸದೆ. ಮಂಜುಶ್ರೀಗೆ ತಡೆಯಲಾಗಲಿಲ್ಲ. ಮೈಕಿನ ಹತ್ತಿರ ಹೋಗಿ, "ಅಲ್ಲಿದಾರೆ ಸರ್, ತೂಬಿನ ಮೇಲೆ. ಅವರು ಎದ್ದರೆ ಈ ಮರಿಗಳು ಉಳಿಯಲ್ಲ, ಅದಕ್ಕೇ ಬಂದಿಲ್ಲ," ಎಂದುಬಿಟ್ಟಳು. ಸಾಹೇಬರು ಶಾಲು ಹಿಡಿದುಕೊಂಡು ಏರಿಯ ಅಂಚಿಗೆ ಬಂದು, ಬನ್ನಿ ತಾಯಿ ಎಂದು ಕರೆದರು.

"ಶಾಲು ನೆನೀತದೆ ಸ್ವಾಮಿ, ಅಲ್ಲೇ ಮಡಗಿ," ಎಂದು ಉತ್ತರ ಬಂತು.

ಹಬ್ಬವೇನೋ ಮುಗಿಯಿತು. ರೇವಣಸಿದ್ದಪ್ಪನವರ ಹಟ ಮುಗಿಯಲಿಲ್ಲ. ಆ ಸುಗ್ಗಿಯಲ್ಲಿ ಅವರ ಕಣದಿಂದ ಮುದ್ದಮ್ಮನಿಗೆ ಒಂದು ಹಿಡಿ ಕಾಳೂ ಬರಲಿಲ್ಲ. ಅವಳು ಕ್ಯಾರೆ ಅನ್ನಲಿಲ್ಲ. ದಿನಾ ಏರಿಗೆ ಹೋಗಿ ಗೂಡು ನೋಡಿಕೊಂಡು ಬರುತ್ತಿದ್ದಳು. ಯುಗಾದಿ ಕಳೆಯಿತು, ಬಿಸಿಲು ಏರಿತು, ಮರಿಗಳು ಒಂದೊಂದಾಗಿ ಹಾರತೊಡಗಿದವು. ಏರಿಯ ಕೆಳಗಿನ ತೋಟಗಳಲ್ಲಿ ಎಳೆಯ ತೆಂಗುಗಳ ಗರಿ ಜೋಲುಬಿತ್ತು. ಅಲ್ಲಿ ದೊಡ್ಡ ತೋಟ ರೇವಣಸಿದ್ದಪ್ಪನವರದೇ. ಅವರು ಬಾಣಾವರದಿಂದ ಒಬ್ಬ ಮೆಕ್ಯಾನಿಕ್ಕನ್ನು ಕರೆತಂದು ತೂಬು ತೋರಿಸಿದರು. ಅವನು ಇಣುಕಿ ನೋಡಿ, ಇದು ನನ್ನ ಕೈಲಿ ಆಗುವುದಲ್ಲ, ಕಿತ್ತುಬಂದರೆ ಕೆರೆಯೇ ಹೋಗುತ್ತದೆ ಎಂದು ಬಸ್ಸು ಹತ್ತಿದ. ಬೀರೇಶನನ್ನು ಕೇಳಿದರೆ, "ದೊಡ್ಡವ್ವನ್ನ ಕೇಳಿ," ಎಂದ.

ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ ಅಧ್ಯಕ್ಷರು ಮುದ್ದಮ್ಮನ ಜಗಲಿಯ ಮುಂದೆ ಬಂದು ನಿಂತರು. ಅವಳು ಹುರುಳಿ ಆರಿಸುತ್ತಿದ್ದಳು. ಎದ್ದು ಚಾಪೆ ಹಾಕಿದಳು. ಮನೆಗೆ ಬಂದವರಿಗೆ ಚಾಪೆ ಹಾಕದಷ್ಟು ಕೆಟ್ಟವಳಲ್ಲ ಅವಳು. ಅವರು ಕೂರಲಿಲ್ಲ.

"ತೂಬು ಎತ್ತಮ್ಮ. ತೋಟ ಒಣಗ್ತಾ ಐತೆ."

"ನಂಗೆ ಕೆಲ್ಸ ಇಲ್ಲ ಅಂದ್ರಲ್ಲ ಅಧ್ಯಕ್ಷ್ರೆ."

ರೇವಣಸಿದ್ದಪ್ಪನವರು ಬೀದಿಯ ಆ ಕಡೆ ಈ ಕಡೆ ನೋಡಿದರು. ಎದುರು ಮನೆಯ ಬಾಗಿಲಲ್ಲಿ ಮೂರು ಜನ ನಿಂತಿದ್ದರು.

"ಆಯ್ತು ಕಣಮ್ಮ. ಐತೆ. ನೀನೇ ನೀರುಗಂಟಿ."

"ಹಂಗಾದ್ರೆ ನೀರುಗಂಟಿ ಆಗೇ ಹೇಳ್ತಿವ್ನಿ, ಕೇಳಿ. ತೆಂಕಲ ಮರದಾಗೆ ಎರಡು ಗೂಡಲ್ಲಿ ಇನ್ನೂ ಮರಿ ಅವೆ, ರೆಕ್ಕೆ ಬಲ್ತಿಲ್ಲ. ಎಂಟು ದಿನ ಬಿಟ್ಟು ಬನ್ನಿ."

ಅಧ್ಯಕ್ಷರು ಹೊರಟುಹೋದರು. ಎಂಟನೆಯ ದಿನ ಬೆಳಿಗ್ಗೆ ಬಂದರು. ಮುದ್ದಮ್ಮ ಅವರನ್ನು ಏರಿಯ ಮೇಲೆ ನಿಲ್ಲಿಸಿಕೊಂಡು, ಹಣೆಗೆ ಕೈ ಅಡ್ಡ ಹಿಡಿದು ತೆಂಕಲ ಮರವನ್ನು ಬಹಳ ಹೊತ್ತು ನೋಡಿ, ಇನ್ನೆರಡು ದಿನ ಬೇಕು ಎಂದಳು.