ಸಾರಿಸದ ಇಳಿಜಾರು

ತಿಕೋಟೆಯ ನಮ್ಮ ಮನೆ ಕಟ್ಟಿಸಿದ ಹಿರಿಯರಿಗೆ ಮನುಷ್ಯರಿಗಿಂತ ಎತ್ತುಗಳ ಮೇಲೆಯೇ ಹೆಚ್ಚು ಪ್ರೀತಿ ಇದ್ದಿರಬೇಕು. ತಲಬಾಗಿಲು ದಾಟಿದ ಕೂಡಲೇ ಸಮತಟ್ಟಾದ ದನದ ಜಾಗ. ಎತ್ತುಗಳು ಮಹಾರಾಜರಂತೆ ನಡೆದು ಬಂದು ಗ್ವಾದಲಿಯ ಮೇವಿಗೆ ಬಾಯಿ ಹಾಕುತ್ತಿದ್ದವು. ಅದರಾಚೆ ಸೊಂಟದೆತ್ತರದ ಪಡಸಾಲೆ, ಅದರ ಹಿಂದೆ ಅಡಿಗೆಮನೆ. ನಾವು ಹೆಂಗಸರು ಕೊಡ ಹೊತ್ತು, ಏದುಸಿರು ಬಿಡುತ್ತ ಆ ಪಡಸಾಲೆಯ ಕಡಿದಾದ ಮೆಟ್ಟಿಲು ಹತ್ತಬೇಕಿತ್ತು.

ಸಿಪಾಯಿಯಾಗಿ ಯುದ್ಧಕ್ಕೆ ಹೋದ ನನ್ನ ಗಂಡ ಬರ್ಮಾದ ಕಾಡಿನಲ್ಲಿ ಒಂದು ಕಾಲು ಬಿಟ್ಟು, ಬಹಳ ದಿನ ಪುಣೆಯ ದವಾಖಾನೆಯಲ್ಲಿದ್ದು, ಯುದ್ಧ ಮುಗಿದ ಮೇಲೆ ಊರಿಗೆ ಬಂದರು. ಕಂಕುಳಲ್ಲಿ ಎರಡು ಕೋಲು. ತಲಬಾಗಿಲಿನಿಂದ ಎತ್ತುಗಳ ತನಕ ಚೆನ್ನಾಗಿಯೇ ಬಂದರು. ಮೆಟ್ಟಿಲ ಮುಂದೆ ನಿಂತುಬಿಟ್ಟರು. ಓಣಿಯ ಗಂಡಸರು ಎತ್ತಿ ಒಳಗೊಯ್ಯಲು ಮುಂದೆ ಬಂದರೆ ಕೋಲು ಬೀಸಿ ಹಿಂದೆ ಸರಿಸಿದರು.

"ಎತ್ತಿ ಒಯ್ದ್ರ ಏನ್ ಗಂಟ್ ಹೋಗತೈತ್ರಿ ನಿಮ್ದು?" ಎಂದು ನಾನೇ ಜೋರು ಮಾಡಿದೆ. ನನ್ನ ಬಾಯಿ ಮೊದಲಿನಿಂದಲೂ ಹಾಗೇ. ಬಬಲೇಶ್ವರದ ತವರಿನಲ್ಲಿ ಕಲಿತದ್ದು, ಸುಮ್ಮನಿರು ಅಂದರೆ ಇರುವಂಥದ್ದಲ್ಲ.

"ದವಾಖಾನ್ಯಾಗ ಎತ್ತಿ ಇಟ್ಟು, ಎತ್ತಿ ಇಟ್ಟು ಸಾಕಾಗೈತಿ," ಎಂದರು. "ಇನ್ನ ನನ್ನ ನಾಕ್ ಮಂದಿ ಎತ್ತೂದು ಒಮ್ಮಿ ಅಷ್ಟ. ಅದಕ್ಕ ಇನ್ನೂ ಟೈಮ್ ಐತಿ."

ನಮ್ಮತ್ತೆ "ಬಿಡ್ತು ಅನ್ನೋ ಯಪ್ಪಾ!" ಎಂದು ಬಾಯಿಗೆ ಸೆರಗು ಹಿಡಿದರು. ಮಗ ಅನ್ನಲಿಲ್ಲ. ಎತ್ತುಗಳ ಪಕ್ಕದಲ್ಲೇ ಹೊರಸು ಹಾಕಿಸಿಕೊಂಡರು. ಅಲ್ಲೇ ಊಟ, ಅಲ್ಲೇ ನಿದ್ದೆ. ನಾನು ಒಲೆಯ ಮುಂದಿನಿಂದ ಎದ್ದು, ಪಡಸಾಲೆ ದಾಟಿ, ಮೆಟ್ಟಿಲಿಳಿದು ಗಂಗಾಳ ಇಡುವಷ್ಟರಲ್ಲಿ ರೊಟ್ಟಿ ಆರಿ ಚರ್ಮವಾಗಿರುತ್ತಿತ್ತು. ಅವರು ಅದನ್ನೇ ಮುರಿದು ತಿನ್ನುತ್ತಿದ್ದರು. ಸ್ವಂತ ಮನೆಯಲ್ಲಿ ಹೊರಗಿನವರ ಹಾಗೆ ದನದ ಜಾಗದಲ್ಲಿ ಉಣ್ಣುವ ಗಂಡನನ್ನು ನೋಡಿ ನನಗೆ ಸಿಟ್ಟು ಬರುತ್ತಿತ್ತು, ಅಳುವೂ ಬರುತ್ತಿತ್ತು.

ಕೈಕಾಲು ಕಳೆದುಕೊಂಡ ಸಿಪಾಯಿಗಳಿಗೆ ಮನೆ ತಿದ್ದಿಸಿಕೊಳ್ಳಲು ಸರಕಾರದ ಸಹಾಯ ಸಿಗುತ್ತದೆಂದು ನನ್ನ ಅಪ್ಪ ವಿಜಾಪುರದ ಸಂತೆಯಲ್ಲಿ ಕೇಳಿ ಬಂದ. ನಮ್ಮವರು ಅಲ್ಲಿನ ಕಚೇರಿಗೆ ಹೋಗಿ ಬಂದರು. ಸಹಾಯ ಮಂಜೂರಾಯಿತು. ನಮ್ಮ ಓಣಿಯ ಗೌಂಡಿ ಮಾಮಾ ಮೆಟ್ಟಿಲು ಕಿತ್ತು, ಅದೇ ಜಾಗದಲ್ಲಿ ಚಪ್ಪಡಿ ಕಲ್ಲು ಹಾಸಿ ಪಡಸಾಲೆಯ ತನಕ ಉದ್ದನೆಯ ಇಳಿಜಾರು ಕಟ್ಟಿಕೊಟ್ಟ. ಎತ್ತುಗಳನ್ನು ಒಂದಿಷ್ಟು ಆಚೆ ಸರಿಸಬೇಕಾಯಿತು. ಅವು ತಮ್ಮ ಜಾಗ ಹೋಯಿತೆಂದು ಎರಡು ದಿನ ಮುನಿಸಿಕೊಂಡವು.

ಕಚೇರಿಯ ಸಾಹೇಬರು ಕೆಲಸ ನೋಡಲು ಬರುವ ದಿನವೇ ಮೊದಲ ಸಲ ಹತ್ತಬೇಕು ಎಂದು ನಮ್ಮವರು ನಿಶ್ಚಯಿಸಿದರು. ಗಡ್ಡ ಕೆರೆಸಿಕೊಂಡು, ಪಲ್ಟನ್ನಿನ ಅಂಗಿ ಹಾಕಿಕೊಂಡರು. ಸಾಹೇಬರ ಜೊತೆ ಅರ್ಧ ಓಣಿಯೂ ಒಳಗೆ ಬಂತು. ಇವರು ಕೋಲೂರಿ ಹತ್ತತೊಡಗಿದರು. ಅರ್ಧಕ್ಕೆ ಬಂದಿದ್ದರು, ಕೋಲು ಸರ್ರನೆ ಜಾರಿ ಎಲ್ಲರೆದುರು ಬೋರಲು ಬಿದ್ದರು.

ನಮ್ಮತ್ತೆ ಸಾಹೇಬರು ಬರುತ್ತಾರೆಂದು ನಸುಕಿನಲ್ಲೆದ್ದು, ಹೊಸ ಕಲ್ಲನ್ನು ಸೆಗಣಿಯಿಂದ ದಪ್ಪಗೆ ಸಾರಿಸಿದ್ದರು! ಮೇಲೆ ರಂಗೋಲಿ ಬೇರೆ. ಸಾರಿಸದ ನೆಲದ ಮೇಲೆ ಮಗ ಮೊದಲ ಹೆಜ್ಜೆ ಇಡುವುದುಂಟೆ? ಸಾರಿಸಿದ್ದು ಇನ್ನೂ ಹಸಿಯಾಗಿತ್ತು.

ಜನ ಎತ್ತಲು ಓಡಿದರು. "ಕೈ ಹಚ್ಚಬ್ಯಾಡ್ರಿ!" ಎಂದು ಅವರು ಚೀರಿದ್ದು ಇವತ್ತಿಗೂ ಕಿವಿಯಲ್ಲಿದೆ. ತೆವಳಿಕೊಂಡು ಕೆಳಗಿಳಿದು, ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ನಾನು ಅತ್ತೆಯ ಮೇಲೆ ಹರಿಹಾಯ್ದೆ. ಸಾಮಾನ್ಯವಾಗಿ ಒಂದಕ್ಕೆ ಎರಡು ಅನ್ನುವ ಮುದುಕಿ ಅಂದು ರಂಗೋಲಿ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೂಲೆಗೆ ಹೋಗಿ ಕೂತರು. ಅದನ್ನು ಕಂಡೇ ನನಗೆ ಹೆದರಿಕೆಯಾಯಿತು.

ಆಮೇಲೆ ನಮ್ಮವರು ಇಳಿಜಾರಿನ ಕಡೆ ತಿರುಗಿ ನೋಡಲಿಲ್ಲ. "ನಂಗ ಇಲ್ಲೇ ಚಲೋ ಐತಿ" ಎಂದರು. ಮನುಷ್ಯ ಹೊರಗೇ ಉಳಿದುಬಿಡುತ್ತಾನೆ ಎಂದು ನನಗನ್ನಿಸಿತು.

ಒಂದು ಬೆಳಿಗ್ಗೆ ನೋಡಿದರೆ ಅತ್ತೆ ಕುಕ್ಕರುಗಾಲಲ್ಲಿ ಕೂತು, ಒಣಗಿದ ಸೆಗಣಿಯನ್ನು ಖುರ್ಪಿಯಿಂದ ಕೆರೆದು ಕೆರೆದು ತೆಗೆಯುತ್ತಿದ್ದರು. ಬಳಿಕ ಗೌಂಡಿ ಮಾಮಾನನ್ನು ಕರೆಸಿದರು. "ಬೀಸೂ ಕಲ್ಲ ನುಣ್ಣಗಾದ್ರ ಉಳಿಲೆ ಹೊಡೀತೀಯಲ್ಲ, ಹಂಗ ಇದನ್ನೂ ಹೊಡಿಯೋ ತಮ್ಮಾ. ನನ್ನ ಮಗನ ಕೋಲ ಕಚ್ಚಿ ಹಿಡೀಬೇಕ." ಇಡೀ ದಿನ ಮನೆಯಲ್ಲಿ ಟಣ್ ಟಣ್ ಸದ್ದು.

ಶುಕ್ರವಾರ ಬಂತು. ಮನೆಯೆಲ್ಲ ಸಾರಿಸಿ, ಅದೊಂದನ್ನು ಮಾತ್ರ ಅತ್ತೆ ಬಿಟ್ಟರು. ಎದುರುಮನೆಯಾಕೆ ಬಂದವಳು ಮೂಗಿನ ಮೇಲೆ ಬೆರಳಿಟ್ಟಳು.

"ಏನ್ ಬೇ ಯಕ್ಕಾ, ಪಡಸಾಲಿ ದಾರೀನಽ ಸಾರಿಸಿಲ್ಲ? ಲಕ್ಷ್ಮಿ ಹೆಂಗ ಬರಬೇಕ?"

"ಆಕಿಗಿ ಎರಡೂ ಕಾಲ ಅದಾವ, ಹೆಂಗರೆ ಬರ್ತಾಳ," ಎಂದರು ನಮ್ಮತ್ತೆ. "ಸಾರಸಾಕ ಇಡೀ ಮನಿ ಐತಿ. ನನ್ನ ಮಗಗ ನಡ್ಯಾಕ ಇದೊಂದಽ ಐತಿ."

ಇದೆಲ್ಲ ಹೊರಸಿನ ಮೇಲಿದ್ದವರಿಗೆ ಕೇಳಿಸಿತ್ತು. ಆದರೂ ಈ ಕಡೆ ಹೊರಳಲಿಲ್ಲ. ಕಲ್ಲಿನಂಥ ಮನುಷ್ಯ ಎಂದು ಮನಸ್ಸಿನಲ್ಲೇ ಬೈದುಕೊಂಡು ನಾನು ಒಳಗೆ ಹೋಗಿ ರೊಟ್ಟಿ ಬಡಿಯಲು ಕೂತೆ. ಅತ್ತೆ ಒಲೆಗೆ ಕಟ್ಟಿಗೆ ನೂಕುತ್ತಿದ್ದರು. ಬಡಿಯುವ ಸದ್ದಿನಲ್ಲಿ ನನಗೇನೂ ಕೇಳಿಸಲಿಲ್ಲ. ಅತ್ತೆಯ ಕೈ ನಿಂತಿದ್ದು ಕಂಡು ತಲೆಯೆತ್ತಿದರೆ, ಅಡಿಗೆಮನೆಯ ಬಾಗಿಲಲ್ಲಿ ಎರಡು ಕೋಲು, ಒಂದು ಕಾಲು.

ಬೆವರಿಳಿಯುತ್ತಿತ್ತು. ಗೋಡೆ ಹಿಡಿದು ಹೊಸ್ತಿಲು ದಾಟಿ, ನಮ್ಮಿಬ್ಬರ ನಡುವೆ ನೆಲಕ್ಕೆ ಕೂತರು. ಯಾರೂ ಕೈ ಹಚ್ಚಲಿಲ್ಲ. ಅತ್ತೆ ಹಂಚಿನ ಮೇಲಿನ ರೊಟ್ಟಿಯನ್ನು ಉರಿಗೆ ಒಡ್ಡಿ ಉಬ್ಬಿಸಿ, ಗಂಗಾಳವನ್ನೂ ಹುಡುಕದೆ, ಹಾಗೇ ಮಗನ ಕೈಗೆ ಹಾಕಿದರು.

"ಯವ್ವಾ, ಸುಡತೈತಿ ಬೇ!" ಎಂದು ಅವರು ರೊಟ್ಟಿಯನ್ನು ಆ ಕೈಯಿಂದ ಈ ಕೈಗೆ ಹಾರಿಸಿದರು. ಆದರೆ ಕೆಳಗಿಡಲಿಲ್ಲ.