ಎಷ್ಟು ಕೆಡಿಸಿದರೂ ಕೆಡದ ಸರ್ವರ್

ನಮ್ಮ ಆಫೀಸಿನ ಸರ್ವರ್ ರಿಪೇರಿಯಾದ ದಿನ ನನಗೆ ಊಟ ಸೇರಲಿಲ್ಲ. ಮ್ಯಾನೇಜರು ಖುಷಿಗೆ ಎಲ್ಲರಿಗೂ ಲಡ್ಡು ಹಂಚಿದರು. ನನ್ನ ಪಾಲಿನದನ್ನು ಕಾಗದದಲ್ಲಿ ಸುತ್ತಿ ಡ್ರಾಯರಿಗೆ ಹಾಕಿದೆ. ಇರುವೆಗಳಾದರೂ ಸಂತೋಷಪಟ್ಟವು.

ಆಫೀಸು ಅಂದರೆ ಶ್ರೀಮಂಗಲದಿಂದ ಕುಟ್ಟದ ಕಡೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಸಹಕಾರ ಸಂಘ. ಬೆಳೆಗಾರರಿಗೆ ಗೊಬ್ಬರ ಕೊಡುವುದು, ಅವರ ಕರಿಮೆಣಸು ಇಟ್ಟುಕೊಳ್ಳುವುದು, ಇಷ್ಟು ನಮ್ಮ ವ್ಯವಹಾರ. ಹೊರಗಿನ ಹಜಾರದಲ್ಲಿ ಎರಡು ಕಂಪ್ಯೂಟರ್. ಒಂದರ ಮುಂದೆ ನಾನು, ಇನ್ನೊಂದರ ಮುಂದೆ ಅಕ್ಕ. ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ನನಗಿಂತ ಹಲವು ವರ್ಷಕ್ಕೆ ದೊಡ್ಡವಳು, ನಾನು ಕೆಲಸಕ್ಕೆ ಸೇರಿದ ದಿನ ಕುರ್ಚಿಯ ಮೇಲೆ ಮಲಗಿದ್ದ ಬೆಕ್ಕನ್ನು ಎಬ್ಬಿಸಿ ಓಡಿಸಿ ನನ್ನನ್ನು ಕೂರಿಸಿದವಳು. ಅವತ್ತಿನಿಂದ ನಾವಿಬ್ಬರೂ ಊಟದ ಡಬ್ಬಿ ಅದಲುಬದಲು ಮಾಡಿಕೊಂಡೇ ಉಂಡವರು.

ನಾವು ಹೊಂದಿಕೊಂಡಷ್ಟು ನಮ್ಮ ಕಂಪ್ಯೂಟರುಗಳು ಹೊಂದಿಕೊಳ್ಳಲಿಲ್ಲ. ಲೆಕ್ಕವೆಲ್ಲ ಇರುವುದು ಮ್ಯಾನೇಜರ ಕೋಣೆಯ ಸರ್ವರಿನಲ್ಲಿ. ಅದರ ಬಾಗಿಲು ತಟ್ಟಿ ಒಳಗೆ ಹೋಗಲು ನಮ್ಮ ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಂ ಇರುತ್ತದೆ, ಅದಕ್ಕೆ ಕ್ಲೈಂಟ್ ಅನ್ನುತ್ತಾರೆ. ನನ್ನದರಲ್ಲಿ ಇದ್ದದ್ದು ಹಳೆಯ ಕ್ಲೈಂಟ್, ಅದನ್ನು ಬರೆದ ಕಂಪನಿಯೇ ಮುಚ್ಚಿ ಎಷ್ಟೋ ಕಾಲವಾಗಿತ್ತು. ಅಕ್ಕನದರಲ್ಲಿ ಇದ್ದದ್ದು ಆಮೇಲೆ ಬಂದ ಇನ್ನೊಂದು ಕಂಪನಿಯದು. ಆ ಹೊಸದನ್ನು ನನ್ನ ಮುದಿ ಕಂಪ್ಯೂಟರು ತಡೆದುಕೊಳ್ಳುವುದಿಲ್ಲ, ಈ ಹಳೆಯದನ್ನು ಅವಳದು ಒಪ್ಪುವುದಿಲ್ಲ. ಒಂದು ಒಳಗಿದ್ದರೆ ಇನ್ನೊಂದನ್ನು ಸರ್ವರು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಹಾಗಾಗಿ ನಾನು ಹೊರಗೆ ಬಂದರೆ ಅವಳು ಒಳಗೆ, ಅವಳು ಹೊರಗೆ ಬಂದರೆ ನಾನು ಒಳಗೆ. ದಿನವಿಡೀ ಕೂಗಾಟ.

"ಹೊರಗೆ ಬಾ ಅಕ್ಕ, ನಾನು ಒಳಗೆ ಹೋಗ್ಬೇಕು!"

"ತಡಿ ಮಾರಾಯ್ತಿ, ಒಂದು ರಸೀದಿ ಉಂಟು!"

ಕೌಂಟರಿನ ಆಚೆ ನಿಂತ ಹೊಸಬರು, ಕುರ್ಚಿ ಬಿಟ್ಟು ಏಳದ ಈ ಹೆಂಗಸರು ಎಲ್ಲಿಗೆ ಹೋಗಿ ಎಲ್ಲಿಂದ ಬರುತ್ತಿದ್ದಾರೆ ಎಂದು ಬಾಗಿಲ ಕಡೆ ನೋಡುತ್ತಿದ್ದರು.

ಇಂಥ ನಮ್ಮ ನಡುವೆ ಜಗಳ ತಂದದ್ದು ಕಾಚಂಪುಳಿ. ಹಂದಿ ಮಾಂಸದ ಪಂದಿ ಕರಿಗೆ ಹಾಕುವ ಆ ಕಪ್ಪು ಹುಳಿಯನ್ನು ಅಕ್ಕ ಪ್ರತಿ ಮಳೆಗಾಲದಲ್ಲಿ ಮನೆಯಲ್ಲೇ, ಒಲೆಯ ಹತ್ತಿರ ಯಾರನ್ನೂ ಬಿಟ್ಟುಕೊಳ್ಳದೆ ಕಾಯಿಸುತ್ತಾಳೆ. ಅದು ಅವಳ ಅತ್ತೆ ಕಲಿಸಿದ್ದು. ಒಂದು ದಿನ ಆಫೀಸಿನ ಎಲ್ಲರಿಗೂ ಪಂದಿ ಕರಿ ಮಾಡಿ ತಂದಿದ್ದಳು. ನಾನು ಒಂದು ತುತ್ತು ಬಾಯಿಗಿಟ್ಟು, ಸುಮ್ಮನೆ ಉಣ್ಣುವುದು ಬಿಟ್ಟು, ಎಲ್ಲರ ಎದುರು ಕೇಳಿದೆ. "ಅಕ್ಕ, ಈ ಸಲದ ಹುಳಿ ಗೋಣಿಕೊಪ್ಪದ ಅಂಗಡೀದಾ?"

ಈ ಸೀಮೆಯಲ್ಲಿ ಗಂಡನ ಬಗ್ಗೆ ಏನಾದರೂ ಕೇಳಬಹುದು, ಇದನ್ನು ಕೇಳಬಾರದು. ಅಕ್ಕ ಸೌಟು ಕೆಳಗಿಟ್ಟಳು. ನಮ್ಮ ಮನೆಯವರು ತಾತನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದವರು. ಅಕ್ಕ ಅದನ್ನೇ ಹಿಡಿದಳು. "ನಿಮ್ಮ ಕಡೆಯವರಿಗೆ ಹುಳಿಯ ರುಚಿ ಎಂತ ಗೊತ್ತುಂಟು? ನೀವು ಮಾಡುವ ಮುದ್ದೆ ಎಸೆದ್ರೆ ತೋಟಕ್ಕೆ ನುಗ್ಗಿದ ಆನೆ ಸಹ ವಾಪಸ್ ಹೋಗ್ತದೆ!" ಎಲ್ಲರೂ ನಕ್ಕರು. ಮುದ್ದೆಗೆ ಅಂದದ್ದು ನಮ್ಮ ಅಜ್ಜಿಗೆ ಅಂದ ಹಾಗೆ. ನನಗೂ ಸಿಟ್ಟು ನೆತ್ತಿಗೇರಿತು. ಅದು ಅಂಗಡಿಯದೇ ಎಂದು ಈಗಲೂ ಹೇಳುತ್ತೇನೆ, ಬೇಕಾದರೆ ಬರೆದುಕೊಡುತ್ತೇನೆ.

ಮರುದಿನದಿಂದ ಡಬ್ಬಿಗಳು ಬೇರೆಯಾದವು. ನಾನು ಅವಳ ಬಾಯಲ್ಲಿ "ಮೇಡಂ" ಆದೆ. ಉಳಿದದ್ದು ಒಂದೇ ಮಾತು: "ಮೇಡಂ, ನಾನು ಹೊರಗೆ ಬಂದಿದ್ದೇನೆ." ಅದಕ್ಕೆ ನಾನು, "ಸರಿ, ಹೋಗ್ತೀನಿ." ಸರ್ವರಿಗೆ ನಮ್ಮಿಬ್ಬರ ಕ್ಲೈಂಟುಗಳು ಒಟ್ಟಿಗೆ ಆಗುತ್ತಿರಲಿಲ್ಲವಲ್ಲ, ಇಷ್ಟಾದರೂ ಆಡಲೇಬೇಕಿತ್ತು. ನಾನು ಅದನ್ನೇ ಎಳೆದು ಎಳೆದು ಬೆಳೆಸಿದೆ. ಏನೂ ಕೆಲಸವಿಲ್ಲದಿದ್ದರೂ ಒಳಗೆ ಹೋಗುತ್ತಿದ್ದೆ, ಅವಳು ಬಾಯಿಬಿಟ್ಟು ಕೇಳಲಿ ಎಂದು. ಕೇಳಿದರೆ, "ಸ್ವಲ್ಪ ಇರಿ, ಯೂರಿಯಾದ್ದು ಒಂದಿದೆ" ಅನ್ನುತ್ತಿದ್ದೆ. ಯೂರಿಯಾದ ಗೋದಾಮು ಖಾಲಿಯಾಗಿ ವಾರವಾಗಿರುತ್ತಿತ್ತು.

ಅಕ್ಕನ ರಿಟೈರ್ಮೆಂಟ್ ಹತ್ತಿರ ಬಂದಿತ್ತು. ಅವಳು ಮನೆ ಸೇರಿಬಿಟ್ಟರೆ ನಾನು ಯಾವ ನೆಪ ಹಿಡಿದು ಮಾತಾಡಿಸಲಿ? ಜಗಳ ಹಾಗೇ ಉಳಿದುಹೋಗುತ್ತದೆ, ಅಕ್ಕ ಕೈಬಿಟ್ಟು ಹೋಗುತ್ತಾಳೆ. ಇದು ನನ್ನನ್ನು ಒಳಗೇ ಕೊರೆಯುತ್ತಿತ್ತು. ಹೋಗಿ ಕ್ಷಮೆ ಕೇಳಬಹುದಿತ್ತು ಅನ್ನುತ್ತೀರಾ? ಆ ಮುದ್ದೆಯ ಮಾತು ಆದಮೇಲೂ? ಸಾಧ್ಯವೇ ಇಲ್ಲ.

ಇಂಥ ಹೊತ್ತಿನಲ್ಲಿ ಹೊಸ ಮ್ಯಾನೇಜರು ಬಂದರು. ಹುರುಪಿನ ಮನುಷ್ಯ. ಬಂದ ವಾರವೇ ಕುಟ್ಟದಿಂದ ರಿಪೇರಿಯವನನ್ನು ಕರೆಸಿದರು. ಅವನು ಮಲಯಾಳದ ಧಾಟಿಯಲ್ಲಿ ಕನ್ನಡ ಮಾತಾಡುವ, ಹೆಂಗಸರನ್ನೆಲ್ಲ ಅಕ್ಕ ಅನ್ನುವ ಬದಲು ಚೇಚಿ ಅನ್ನುವ, ನಡುವಯಸ್ಸಿನ, ತನ್ನ ಕೆಲಸದ ಬಗ್ಗೆ ತಾನೇ ಭಾಷಣ ಮಾಡಿಕೊಳ್ಳುವ ಆಸಾಮಿ. ನಮ್ಮಿಬ್ಬರನ್ನೂ ಸರ್ವರಿನ ಅಕ್ಕಪಕ್ಕ ನಿಲ್ಲಿಸಿಕೊಂಡು, ಪರದೆಯ ಮೇಲಿನ ಒಂದು ಸಣ್ಣ ಚೌಕ ತೋರಿಸಿದ.

"ಹಳೇ ಕ್ಲೈಂಟಿಗೂ ಜಾಗ ಕೊಡು ಅಂತ ಇದರ ಅರ್ಥ. ಟಿಕ್ ಇಲ್ಲದಿದ್ರೆ ಒಂದೇ, ಟಿಕ್ ಇದ್ರೆ ಎರಡೂ. ಇಲ್ಲಿ ಒಂದು ಸಲ ಒತ್ತಿದ್ರೆ ಆಯ್ತು. ನೋಡಿ ಚೇಚಿ!"

ಒತ್ತಿದ. ಟಿಕ್ ಬಿತ್ತು. ಇಷ್ಟು ವರ್ಷದ ಕಾಯಿಲೆ ಹೋಯಿತು. ಅವತ್ತು ಇಡೀ ದಿನ ಅಕ್ಕ ಅವಳ ಪಾಡಿಗೆ, ನಾನು ನನ್ನ ಪಾಡಿಗೆ. ಒಂದು ಮಾತಿಲ್ಲ. ಲಡ್ಡುವಿನ ಕಥೆ ಆಗಲೇ ಹೇಳಿದೆನಲ್ಲ.

ಮರುದಿನ ಬೆಳಿಗ್ಗೆ ಬೇಗ ಹೋದೆ. ಹಾಜರಿ ಪುಸ್ತಕ ಇರುವುದು ಮ್ಯಾನೇಜರ ಮೇಜಿನ ಮೇಲೆ, ಹಾಗಾಗಿ ಅವರು ಬರುವ ಮೊದಲು ಆ ಕೋಣೆಗೆ ಹೋದರೆ ಯಾರೂ ಕೇಳುವುದಿಲ್ಲ. ಸಹಿ ಹಾಕಿದೆ. ಸರ್ವರಿನ ಮುಂದೆ ಬಗ್ಗಿ ಆ ಚೌಕದ ಟಿಕ್ ತೆಗೆದೆ. ಹಜಾರಕ್ಕೆ ಬಂದು, ನನ್ನ ಕ್ಲೈಂಟಿನಿಂದ ಸರ್ವರಿನ ಒಳಗೆ ಸೇರಿ, ಮುಖ ಗಂಟು ಹಾಕಿಕೊಂಡು ಕೂತೆ. ಮನಸ್ಸಿನೊಳಗೆ ಮಾತ್ರ ಹಬ್ಬ. ಅಕ್ಕ ಬಂದಳು, ಸಹಿ ಹಾಕಿ ಬಂದಳು, ಕಂಪ್ಯೂಟರ್ ಹಾಕಿದಳು. ಈಗ ಕೂಗುತ್ತಾಳೆ, ಈಗ ಕೂಗುತ್ತಾಳೆ ಎಂದು ಕಿವಿ ನಿಮಿರಿಸಿ ಕಾದೆ. ಅವಳು ಆರಾಮಾಗಿ ಕೆಲಸ ಶುರುಮಾಡಿದಳು. ನಾನೂ ಒಳಗೆ, ಅವಳೂ ಒಳಗೆ!

ಅದರ ಮರುದಿನವೂ ಹೀಗೇ. ಆಮೇಲೂ ಹೀಗೇ. ನಾನು ಟಿಕ್ ತೆಗೆಯುವುದು, ಅದು ಹೇಗೋ ವಾಪಸ್ ಬಂದು ಕೂರುವುದು. ನನ್ನ ತಲೆ ಕೆಟ್ಟಿತು. ಯಾರಿಗೆ ದೂರು ಕೊಡುವುದು, ಏನೆಂದು ಕೊಡುವುದು? ಕಡೆಗೆ ತಡೆಯಲಾರದೆ ರಿಪೇರಿಯವನಿಗೇ ಫೋನು ಮಾಡಿದೆ. "ನೀವು ಮಾಡಿದ್ದು ಸರಿಯಾಗಿ ಕೆಲಸ ಮಾಡ್ತಾ ಇದೆ" ಅಂದೆ. "ಸಂತೋಷ ಚೇಚಿ" ಅಂದು ಇಟ್ಟುಬಿಟ್ಟ.

ಹಾಗಾದರೆ ನಾನೇ ಪತ್ತೆ ಮಾಡುತ್ತೇನೆ ಎಂದು ಹೊರಟೆ. ಮ್ಯಾನೇಜರ ಕೋಣೆಯ ಮೂಲೆಯಲ್ಲಿ ಕಬ್ಬಿಣದ ಬೀರು ಇದೆ. ಬೀರುವಿನ ಹಿಂದೆ ಮೆಣಸಿನ ಸ್ಯಾಂಪಲ್ ಚೀಲಗಳು. ಮಗಳಿಗೆ ಮದುವೆ ಮಾಡಿದ ಹೆಂಗಸು ನಾನು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಆ ಚೀಲಗಳ ಮೇಲೆ ಕುಕ್ಕರುಗಾಲಿನಲ್ಲಿ ಕೂತೆ. ಟಿಕ್ ತೆಗೆದು ಆಗಿತ್ತು.

ಅಕ್ಕ ಬಂದಳು. ಸಹಿ ಹಾಕಿದಳು. ಬಾಗಿಲ ಕಡೆ ಒಮ್ಮೆ ನೋಡಿದಳು. ಕನ್ನಡಕ ಹಾಕಿಕೊಂಡು ಸರ್ವರಿನ ಮುಂದೆ ಬಗ್ಗಿ, ಇಲಿ ಹಿಡಿದ ಹಾಗೆ ಮೌಸನ್ನು ಎರಡು ಕೈಯಲ್ಲಿ ಹಿಡಿದು, ಅದೇ ಚೌಕದ ಮೇಲೆ ಒಂದು ಸಲ ಒತ್ತಿದಳು.

ಓಹೋ, ನನ್ನ ಹತ್ತಿರ ಆ ಒಂದು ಮಾತೂ ಆಡಬಾರದು ಎಂದು ದಿನಾ ಬಂದು ಸರಿಮಾಡುತ್ತಿದ್ದಾಳೆ! ಅಷ್ಟರಲ್ಲಿ ಮೆಣಸು ಮೂಗಿಗೆ ಹತ್ತಿ ಸೀನು ಬಂತು. ಒಂದಲ್ಲ, ಸಾಲಾಗಿ. ಅಕ್ಕ ಕಿರುಚಿ ಗೋಡೆಗೆ ಆತುಕೊಂಡಳು. ನಾನು ಕಣ್ಣು ಮೂಗು ಒರೆಸಿಕೊಳ್ಳುತ್ತ ಬೀರುವಿನ ಹಿಂದಿನಿಂದ ಎದ್ದು ಬಂದೆ.

"ಅಷ್ಟು ಬೇಡವಾದ್ನಾ ನಾನು?" ಅಂದೆ. "ಒಂದ್ ಮಾತಾಡಕ್ಕೂ ಆಗಲ್ವಾ ನಿಂಗೆ? ಅದಕ್ಕೆ ದಿನಾ ಬಂದು ಸರಿಮಾಡ್ತಿದ್ದೀಯಾ?"

"ಸರಿ ಮಾಡೋದಾ?" ಅಕ್ಕ ಎದೆ ಹಿಡಿದುಕೊಂಡೇ ರೇಗಿದಳು. "ನಾನು ಕೆಡಿಸ್ತಾ ಇದ್ದೇನೆ ಮಾರಾಯ್ತಿ! ಅವನು ಇಲ್ಲಿ ಒಂದು ಸಲ ಒತ್ತಿದಾನಲ್ಲ, ಹಾಗೆ ನಾನೂ ಒಂದು ಸಲ ಒತ್ತಿದ್ರೆ ಮೊದಲಿನ ಹಾಗೆ ಆಗ್ತದೆ ಅಂತ. ದಿನಾ ಒತ್ತುತ್ತೇನೆ, ದಿನಾ ಸರಿಯಾಗಿಯೇ ನಡೀತದೆ! ಎಂತ ದರಿದ್ರ ಮಿಷನ್ ಇದು?"

ನಾನು ತೆಗೆದದ್ದನ್ನು ಅವಳು ತೆಗೆಯಲು ಹೋಗಿ ಹಾಕುತ್ತಿದ್ದಳು. ಟಿಕ್ ಇದೆಯೋ ಇಲ್ಲವೋ ಎಂದು ನೋಡುವ ಸ್ವಭಾವ ಅವಳದಲ್ಲ. ದಿನಾ ಟಿಕ್ ತೆಗೆಯುತ್ತಿದ್ದವಳು ನಾನು ಎಂದು ಹೇಳಿದೆ. ಅರ್ಥವಾಗಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮ್ಯಾನೇಜರ ಕುರ್ಚಿಯಲ್ಲೇ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ನಗುನಗುತ್ತಲೇ ಅವಳು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡಳು.

"ಮನೆಗೆ ಹೋದ್ರೆ ಸೊಸೆ ಮರ್ಯಾದೆ ಕೊಡ್ತಾಳೆ, ಮಗ ಮರ್ಯಾದೆ ಕೊಡ್ತಾನೆ. ಕೂತಲ್ಲಿಗೇ ಕಾಫಿ ಬರ್ತದೆ" ಅಂದಳು. "ಈ ತಿಂಗಳು ಕಳೆದ್ರೆ ನನ್ನ ಹತ್ತಿರ ಜಗಳ ಆಡ್ಲಿಕ್ಕೆ ಯಾರಿದ್ದಾರೆ, ಹೇಳು?"

ಹೋಗಿ ಅವಳ ಕೈ ಹಿಡಿದುಕೊಂಡೆ. ಅಷ್ಟು ದಿನ ಒಂದೇ ಹಜಾರದಲ್ಲಿ ಕೂತು, ಇವಳಿಲ್ಲದೆ ಎಷ್ಟು ಒಂಟಿಯಾಗಿದ್ದೆ ಎಂದು ಆಗ ಗೊತ್ತಾಯಿತು.

ಬಾಗಿಲಲ್ಲಿ ಮ್ಯಾನೇಜರು ಬಂದು ನಿಂತಿದ್ದರು. ಅವರ ಕುರ್ಚಿಯಲ್ಲಿ ಅಕ್ಕ, ಪಕ್ಕದಲ್ಲಿ ಸೀರೆಗೆಲ್ಲ ಮೆಣಸಿನ ಧೂಳು ಮೆತ್ತಿಕೊಂಡ ನಾನು, ಇಬ್ಬರ ಕಣ್ಣಲ್ಲೂ ನೀರು. ಪಾಪ, ಅವರ ದೃಷ್ಟಿ ನೇರ ಸರ್ವರಿಗೆ ಹೋಯಿತು.

"ಏನಾಯ್ತು? ಎರಡೂ ಕ್ಲೈಂಟ್ ಒಟ್ಟಿಗೆ ನಡೀತಾ ಇದೆ ತಾನೇ?"

ಪರದೆಯ ಮೇಲೆ ಟಿಕ್ ಕಣ್ಣಿಗೆ ಹೊಡೆಯುವ ಹಾಗೆ ಕೂತಿತ್ತು. ನಾನು ಅದಕ್ಕೆ ಅಡ್ಡ ನಿಂತೆ.

"ಇಲ್ಲ ಸರ್" ಅಂದೆವು, ಇಬ್ಬರೂ ಒಂದೇ ಉಸಿರಿಗೆ.

"ಈ ತಿಂಗಳು ಮುಗಿಯುವ ತನಕ ಅದು ಸರಿಯಾಗುವ ಹಾಗೆ ಕಾಣೋದಿಲ್ಲ" ಎಂದು ಅಕ್ಕ ಸೇರಿಸಿದಳು.